ಇಬ್ಬರಿಗೊಂದು ಒಲೆ

ಹೊಳನಗದ್ದೆಯ ಸಮುದ್ರದ ಬದಿಯ ಕೇರಿಯಲ್ಲಿ ಒಂದು ಮನೆಗೆ ಫ್ರಿಜ್ಜು ಬಂದರೆ ಜನ ಬಂದು ಬಾಗಿಲು ತೆರೆದು ಮುಚ್ಚಿ ನೋಡಿ ಹೋಗುತ್ತಾರೆ. ಟೀವಿ ಬಂದರೆ ಕೂತು ನೋಡಿ ಹೋಗುತ್ತಾರೆ. ಸೊಸೆ ಬಂದರೆ ಎಂಟು ದಿನ ಮಾತಾಡುತ್ತಾರೆ. ಆದರೆ ಒಲೆಯಿದ್ದ ಮನೆಗೆ ಇನ್ನೊಂದು ಒಲೆ ಬಂತೆಂದರೆ ಮಾತ್ರ ಯಾರೂ ನೋಡಲು ಬರುವುದಿಲ್ಲ. ತಮ್ಮ ತಮ್ಮ ಜಗಲಿಯಲ್ಲೇ ಕೂತು ನಿಟ್ಟುಸಿರು ಬಿಡುತ್ತಾರೆ. ಯಾಕೆಂದರೆ ಆ ಕೇರಿಯಲ್ಲಿ ಅಣ್ಣತಮ್ಮಂದಿರು ಪಾಲಾಗುವುದು ಕಾಗದದ ಮೇಲಲ್ಲ. ಕಾಗದ, ಸರ್ವೆ, ಸಹಿ ಎಲ್ಲ ಹತ್ತು ವರ್ಷ ತಡವಾಗಿ ಆದರೂ ನಡೆಯುತ್ತದೆ. ತಮ್ಮನ ಹೆಂಡತಿ ಬೇರೆ ಒಲೆ ಹೊತ್ತಿಸಿದಳೋ, ಅವತ್ತೇ ಮನೆ ಎರಡಾಯಿತು.

ಇದು ಮಾಬ್ಲನಿಗೆ ಗೊತ್ತಿಲ್ಲದ್ದಲ್ಲ. ಬೇರೆಯವರ ಒಲೆ ಬೇರೆಯಾದಾಗ ಹೋಗಿ ಸಮಾಧಾನ ಹೇಳಿ ಬಂದವರಲ್ಲಿ ಅವನೂ ಒಬ್ಬ. ಆದರೂ ಜನವರಿಯ ಒಂದು ಬುಧವಾರ ಮಧ್ಯಾಹ್ನ, ಕುಮಟೆ ಪೇಟೆಯಿಂದ ಒಂಟಿ ಬರ್ನರಿನ ಒಂದು ಗ್ಯಾಸ್ ಒಲೆ, ಕುಂಬಳಕಾಯಿಯಷ್ಟು ಸಿಲಿಂಡರು, ಒಂದು ಅನ್ನದ ಪಾತ್ರೆ, ಒಂದು ಸಾರಿನ ಪಾತ್ರೆ, ಎರಡೇ ಎರಡು ಬಟ್ಟಲು ಇಷ್ಟನ್ನು ಗೋಣಿಚೀಲಕ್ಕೆ ತುಂಬಿ, ರಿಕ್ಷಾದಲ್ಲಿ ತನ್ನ ಪಕ್ಕಕ್ಕೇ ಕೂಡ್ರಿಸಿಕೊಂಡು ಬಂದು ಹಾಡಹಗಲೇ ಮನೆಯ ಮುಂದೆ ಇಳಿದ. ಬುದ್ಧಿ ಎಲ್ಲಿಗೆ ಹೋಗಿತ್ತು ಎಂದು ಕೇಳಿದರೆ, ಬುದ್ಧಿ ಇದ್ದಲ್ಲೇ ಇತ್ತು, ಆಸೆ ಒಂದು ಮಾರು ಮುಂದೆ ಓಡಿತ್ತು ಎನ್ನಬೇಕು.

ಇಳಿಯುವುದಕ್ಕೂ ಪಕ್ಕದ ಮನೆಯ ಸುಚಿತಾ ಮೀನು ಮಾರಿ ಖಾಲಿ ಬುಟ್ಟಿ ಹಿಡಿದು ಬರುವುದಕ್ಕೂ ಸರಿಹೋಯಿತು.

"ಎಂತ ಮಾಬ್ಲಣ್ಣ ಅದು?"

"ಎಂತ ಇಲ್ಲ. ಬೋಟಿಗೆ."

ಸುಚಿತಾ ಚೀಲದ ಬಾಯಲ್ಲಿ ಇಣುಕುತ್ತಿದ್ದ ಬರ್ನರನ್ನು ನೋಡಿದಳು. ಮಾಬ್ಲ ಹೋಗುವ ಬೋಟಿಗೇ ಅವಳ ಗಂಡನೂ ಹೋಗುತ್ತಾನೆ. ಆ ಬೋಟಿನ ಒಲೆ ಎಂಥದ್ದು ಎಂದು ಅವಳಿಗೆ ಗೊತ್ತು, ಅದರ ಮೇಲೆ ಎಮ್ಮೆ ಹತ್ತಿ ನಿಂತರೂ ಕಾಲು ಬಾಗುವಂಥದ್ದಲ್ಲ.

"ಮೂವತ್ತು ಜನರ ಬೋಟಿಗೆ ಎರಡೇ ಬಟ್ಟಲಾ?"

"ಪಾಳಿ ಮೇಲೆ ಉಣ್ತಾರೆ," ಎಂದುಬಿಟ್ಟ ಮಾಬ್ಲ.

ಸುಚಿತಾ ಇನ್ನೇನೂ ಕೇಳಲಿಲ್ಲ. ಅವಳಂಥವಳು ಏನೂ ಕೇಳದೆ ಹೋದಳೆಂದರೇ ಮಾಬ್ಲ ಹೆದರಬೇಕಿತ್ತು. ಅವನು ಹೆದರಲಿಲ್ಲ. ಚೀಲವನ್ನು ಕೋಣೆಯ ಮಂಚದ ಕೆಳಗೆ ದೂಡಿ, ಮೇಲೊಂದು ಹಳೆಯ ಲುಂಗಿ ಮುಚ್ಚಿ, ಯಾರಿಗೂ ಗೊತ್ತಾಗಲಿಲ್ಲವೆಂದು ಹಿಗ್ಗಿದ.

ಮಾಬ್ಲ ಯಾರೆಂದು ಇಲ್ಲಿ ಹೇಳಿಬಿಡಬೇಕು. ಐವತ್ತನಾಲ್ಕು ವರ್ಷದ ಈ ಮನುಷ್ಯ ಕಾಸರಕೋಡ ಬಂದರಿನ ದೊಡ್ಡ ಬಲೆ ಹಾಕುವ ಒಂದು ಪರ್ಸೀನ್ ಬೋಟಿನ ಅಡಿಗೆಯವನು. ಅಲೆಯ ಮೇಲೆ ಕುಣಿಯುವ ಒಲೆಯಲ್ಲಿ ಮೂವತ್ತು ಮಂದಿಗೆ ಅನ್ನ, ಸಾರು ಮಾಡಿ ಕೈಯಾರೆ ಬಡಿಸುವವನು. ಅನ್ನ ಆರಿದರೆ ಬೋಟಿನವರು ಬಟ್ಟಲು ಸಮೇತ ಇವನನ್ನೂ ನೀರಿಗೆ ಹಾಕುವವರೇ, ಹಾಗಾಗಿ ಇಪ್ಪತ್ತೇಳು ವರ್ಷದಲ್ಲಿ ಒಬ್ಬನಿಗೂ ತಣ್ಣನೆಯ ಅನ್ನ ಹಾಕಿದವನಲ್ಲ. ಮನೆಗೆ ಬಂದರೆ ಮಾತ್ರ ಒಲೆಯ ಕಡೆ ತಲೆ ಹಾಕಿದವನಲ್ಲ. ಅಲ್ಲಿ ಹದಿನಾಲ್ಕು ಜನ. ಅಣ್ಣ ದಿನಕರ ಮನೆಯ ಹಿರಿಯ, ಅತ್ತಿಗೆ ಮಾಲತಿ ಅಡಿಗೆಮನೆಯ ಹಿರಿಯಳು. ಮೊದಲು ಗಂಡಸರ ಪಂಕ್ತಿ, ಆಮೇಲೆ ಮಕ್ಕಳದು, ಆಮೇಲೆ ಹೆಂಗಸರದು. ಎಲ್ಲರದ್ದೂ ಆದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಬಡಿಸಿಕೊಂಡು ಬಾಗಿಲ ಹಿಂದೆ ಕೂರುವವಳು ಮಾಬ್ಲನ ಹೆಂಡತಿ ದುರ್ಗಮ್ಮ. ಮನೆಗೆ ಕಿರಿಯ ಸೊಸೆಯಾಗಿ ಬಂದಾಗ ಅಂಟಿದ ಅಭ್ಯಾಸ ಅದು. ಅವಳಿಗಿಂತ ಕಿರಿಯ ಸೊಸೆಯಂದಿರು ಮೂರು ಜನ ಬಂದರೂ ಬಿಟ್ಟಿರಲಿಲ್ಲ.

ಮದುವೆಯಾಗಿ ಮೂವತ್ತೊಂದು ವರ್ಷ. ಅಷ್ಟೂ ವರ್ಷ ಮಾಬ್ಲ ಇದನ್ನೆಲ್ಲ ಯೋಚಿಸಿದವನೇ ಅಲ್ಲ, ನಿಜ ಹೇಳಬೇಕಲ್ಲ. ನವೆಂಬರಿನಲ್ಲಿ ಒಮ್ಮೆ ಬೋಟಿನ ಗೇರು ಕೆಟ್ಟು ನಡುಮಧ್ಯಾಹ್ನ ಮೂರು ಗಂಟೆಗೆ ಮನೆಗೆ ಬಂದವನು ನೀರು ಕುಡಿಯಲೆಂದು ಅಡಿಗೆಮನೆಗೆ ನುಗ್ಗಿದ. ಮೂಲೆಯಲ್ಲಿ ದುರ್ಗಮ್ಮ ಅತ್ತ ಮುಖ ಮಾಡಿ ಕೂತು ಉಣ್ಣುತ್ತಿದ್ದಳು. ಇವನ ಹೆಜ್ಜೆ ಕೇಳಿದ್ದೇ ತಡ, ಬಟ್ಟಲಿನ ಮೇಲೆ ತಟ್ಟೆ ಮುಚ್ಚಿ, ಕದ್ದು ಸಿಕ್ಕವಳ ಹಾಗೆ ಎದ್ದು ನಿಂತು, ಊಟ ಹಾಕಲಾ ಎಂದು ಕೇಳಿದಳು. ಬಟ್ಟಲಿನಲ್ಲಿದ್ದದ್ದು ತಣ್ಣನೆಯ ಅನ್ನ, ಬಂಗಡೆಯ ತಲೆ ಒಂದು, ಗಟ್ಟಿಯಾದ ಸಾರು. ಮಾಬ್ಲ ನೀರು ಕುಡಿಯುವುದನ್ನು ಮರೆತು ಹೊರಗೆ ಹೋದ. ಈ ಹೆಂಗಸು ಬಿಸಿ ಅನ್ನ ಉಣ್ಣುವುದನ್ನು ನಾನು ಒಂದು ದಿನವೂ ನೋಡಿಲ್ಲವಲ್ಲ ಎಂದು ಅವತ್ತು ಅವನಿಗೆ ಹೊಳೆಯಿತು. ಹೊಳೆದದ್ದು ಸಂಜೆಗೂ ತಲೆಯಿಂದ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ. ಬೋಟಿನಲ್ಲಿ ಯಾರೋ ಕೈ ನೆಕ್ಕಿಕೊಂಡು ಇನ್ನೊಂದು ಸಲ ಅನ್ನ ಕೇಳಿದರೂ ಅವಳ ನೆನಪಾಗಿ ಸೌಟು ಹಿಡಿದವನು ಹಾಗೇ ನಿಂತುಬಿಡುತ್ತಿದ್ದ.

ಮನೆಯಲ್ಲಿ ಇದನ್ನು ಹೇಳುವುದು ಹೇಗೆ? ಹದಿಮೂರು ಜನರ ಎದುರು ಹೆಂಡತಿಗೆ ಬಟ್ಟಲಿಟ್ಟು ಬಡಿಸಿದರೆ ಹನ್ನೆರಡು ಜನ ನಗುತ್ತಾರೆ, ಹದಿಮೂರನೆಯವಳಾದ ಅವಳೇ ಮಂಚದ ಕೆಳಗೆ ಹೊಕ್ಕುಬಿಡುತ್ತಾಳೆ. ಹಾಗಿರುವಾಗ ಹೊನ್ನಾವರದ ಬಸ್ ಸ್ಟ್ಯಾಂಡಿನಲ್ಲಿ ಒಂದು ಬೋರ್ಡು ಕಂಡಿತು. ನೇರಳೆಕೆರೆ ವನ, ದಂಪತಿಗಳಿಗೆ ಡೇರೆ ವಾಸ. ಕಾಡು, ಕೆರೆ, ಕೆರೆಯ ದಂಡೆಯಲ್ಲಿ ಒಂದು ಹಸಿರು ಡೇರೆ, ಸುತ್ತ ಒಂದು ನರಪಿಳ್ಳೆಯಿಲ್ಲ. ಮಾಬ್ಲ ಎರಡು ಬಸ್ಸು ಬಿಟ್ಟು ಅದನ್ನೇ ನೋಡಿದ. ಮೂರನೆಯ ಬಸ್ಸು ಬರುವ ಮೊದಲು ಅದರಲ್ಲಿದ್ದ ನಂಬರಿಗೆ ಫೋನು ಹಚ್ಚಿದ.

ಆ ಕಡೆ ಎತ್ತಿದವನು ವನದ ಕಾವಲುಗಾರ ಬೀರಪ್ಪ.

"ಎಷ್ಟು ಜನ?"

"ಇಬ್ಬರು. ನಾನು, ಹೆಂಡ್ತಿ."

"ಮಕ್ಕಳು?"

"ಮನೆಲಿ ಇರ್ತಾರೆ."

"ಮತ್ತೆ ಯಾರಾದ್ರೂ ಆಮೇಲೆ ಸೇರ್ಕಂತಾರಾ?"

"ದೇವರಾಣೆ ಇಲ್ಲ."

"ಕಟ್ಟಿಗೆ ಬೆಂಕಿ ಹಾಕೂ ಹಾಂಗಿಲ್ಲ, ಕಾಡು. ಗ್ಯಾಸ್ ಒಲೆ ನೀವೇ ತರ್ಬೇಕು. ಬರೂ ಉದ್ದೇಶ ಎಂತ? ರಿಜಿಸ್ಟರಿಗೆ ಬರೀಬೇಕು."

"ಊಟ."

"ಊಟ ಅಂತ ಇಲ್ಲ ಇದರಲ್ಲಿ. ವಿಹಾರ, ಅಧ್ಯಯನ, ಪಕ್ಷಿ ವೀಕ್ಷಣೆ. ಮೂರರಲ್ಲಿ ಒಂದು ಹೇಳಿ."

ಈ ವಯಸ್ಸಿನಲ್ಲಿ ವಿಹಾರ ಎಂದರೆ ಎಂತ ತಿಳಿದುಕೊಳ್ಳುತ್ತಾನೋ ಎಂದು ಮಾಬ್ಲನಿಗೆ ನಾಚಿಕೆಯಾಯಿತು. ಅಧ್ಯಯನ ತನ್ನಿಂದ ಆಗದ ಮಾತು. "ಹಂಗಾರೆ ಪಕ್ಷಿ ಬರ್ಕಳಿ," ಎಂದ.

ಒಲೆ ತಂದ ಬುಧವಾರದ ಸಂಜೆಯೇ ಮನೆಯ ಗಾಳಿ ಬದಲಾಯಿತು. ಊಟಕ್ಕೆ ಕೂತರೆ ಅತ್ತಿಗೆ ಮಾಲತಿ ಇಸವಾಣ ಮೀನಿನ ನಡುತುಂಡು ತಂದು ಮಾಬ್ಲನ ಬಟ್ಟಲಿಗೆ ಹಾಕಿದಳು. ಅದು ಯಾವತ್ತೂ ದಿನಕರನಿಗೆ ಸಲ್ಲುವ ತುಂಡು. ಅಣ್ಣನ ಮಕ್ಕಳು ಚಿಕ್ಕಪ್ಪಾ ಎಂದು ಎರಡೆರಡು ಸಲ ಕರೆದರು. ನೋಡಿದೆಯಾ, ಒಲೆ ಕಂಡು ವಿಷಯ ಅರ್ಥ ಮಾಡಿಕೊಂಡಿದ್ದಾರೆ, ನಗಾಡಲೂ ಇಲ್ಲ, ಎಂಥಾ ಒಳ್ಳೆಯ ಜನ ನನ್ನ ಮನೆಯವರು ಎಂದುಕೊಂಡು ಮಾಬ್ಲ ಮೀನು ಚೀಪಿದ.

ಊಟವಾದ ಮೇಲೆ ದಿನಕರ ತಮ್ಮನನ್ನು ಬಾವಿಕಟ್ಟೆಗೆ ಕರೆದ. ಬಹಳ ಹೊತ್ತು ಕೆಮ್ಮಿದ.

"ತಮಾ, ಚೀಲ ನೋಡ್ದೆ. ನಾನು ಕೇಳಬಾರ್ದು, ಆದ್ರೂ ಕೇಳ್ತೆ. ಯಾವಾಗ?"

ಮಾಬ್ಲ ನೆಲ ನೋಡಿದ. "ಶನಿವಾರ."

"ಎಲ್ಲಿ?"

"ಹೊನ್ನಾವರದಿಂದ ಮೇಲೆ. ಕಾಡಿನೊಳಗೆ, ಒಂದು ಕೆರೆ ಬುಡಕ್ಕೆ."

"ಅಷ್ಟು ದೂರ ಎಂತಕೆ?"

"ಹತ್ರ ಆದ್ರೆ ಎಲ್ರೂ ಬಂದು ನೋಡ್ತಾರೆ ಅಣ್ಣ."

"ಮನೆ ಹ್ಯಾಂಗುಂಟು?"

"ಮನೆ ಅಲ್ಲ. ಡೇರೆ."

ದಿನಕರ ಬಾವಿಯ ಹಗ್ಗ ಹಿಡಿದುಕೊಂಡ. ಒಡಹುಟ್ಟಿದ ತಮ್ಮ ತನ್ನ ಜತೆ ಇರಲಾರದೆ ಕಾಡಿನಲ್ಲಿ ಬಟ್ಟೆಯ ಕೆಳಗೆ ಬಾಳುವುದಕ್ಕೆ ಹೊರಟಿದ್ದಾನೆ.

"ದುರ್ಗಿ ಒಪ್ಪಿದ್ಲಾ ಇದಕ್ಕೆ?"

"ಅವಳಿಗೆ ಇನ್ನೂ ಹೇಳ್ಲಿಲ್ಲ. ಅಲ್ಲಿ ಹೋದ್ಮೇಲೆ ಗೊತ್ತಾಗ್ತದೆ," ಎಂದು ಮಾಬ್ಲ ನಾಚಿ ನಕ್ಕ.

ಆ ನಗುವನ್ನು ದಿನಕರ ಒಳಗೆ ಹೋಗಿ ಮಾಲತಿಗೆ ಬಣ್ಣಿಸಿದ ರೀತಿ ಕೇಳಿದ್ದರೆ ಮಾಬ್ಲನನ್ನು ಪೊಲೀಸರಿಗೆ ಕೊಡಬೇಕು ಎಂದು ನಿಮಗೂ ಅನಿಸುತ್ತಿತ್ತು.

ಶನಿವಾರ ಬೆಳಿಗ್ಗೆ ಮಾಬ್ಲ ಹೆಂಡತಿಗೆ, "ಒಂದು ಕಡೆ ಹೋಗೂದುಂಟು, ಸೀರೆ ಬದಲ್ಸು," ಎಂದಷ್ಟೇ ಹೇಳಿದ. ಹೊರಡುವಾಗ ಮಾಲತಿ ದುರ್ಗಮ್ಮನನ್ನು ತಬ್ಬಿಕೊಂಡು ಹೋ ಎಂದು ಅತ್ತಳು. ಅರೆದ ಮಸಾಲೆಯ ಡಬ್ಬಿ, ಮುರುಗಲ ಹುಳಿ, ಉಪ್ಪಿನಕಾಯಿಯ ಬರಣಿ, ಒಂದು ಹಾಸಿಗೆ ಚಾದರ ಚೀಲಕ್ಕೆ ತುರುಕಿದಳು. "ಅಲ್ಲಿ ಅರೆಯೂ ಕಲ್ಲಾದ್ರೂ ಉಂಟೋ ಇಲ್ವೋ ಹೆಣ್ಣೆ," ಎಂದಳು. ಕಿರಿಯ ಸೊಸೆಯಂದಿರು ಸಾಲಾಗಿ ನಿಂತು ಕಾಲಿಗೆ ಬಿದ್ದರು. ಒಂದು ಸಣ್ಣ ಊಟಕ್ಕೆ ಇಷ್ಟೊಂದು ಬೀಳ್ಕೊಡುಗೆ ಜಾಸ್ತಿಯಾಯಿತು ಎಂದು ಮಾಬ್ಲನಿಗೂ ಅನಿಸಿತು. ಆದರೆ ಪ್ರೀತಿಯಿಂದ ಮಾಡುವಾಗ ಬೇಡ ಎನ್ನುವುದು ಹೇಗೆ?

ದುರ್ಗಮ್ಮ ಬೇರೆಯೇ ಲೆಕ್ಕ ಹಾಕಿದಳು. ಅವಳ ತವರು ಭಟ್ಕಳದ ಪಕ್ಕದ ಜಾಲಿ, ಅಲ್ಲಿ ತಮ್ಮ ರಾಜೀವ. ಎಲ್ಲಿಗೆ ಎಂದು ಹೇಳದೆ ಹೆಂಗಸನ್ನು ಸೀರೆ ಬದಲಿಸಿ ಕರೆದುಕೊಂಡು ಹೋಗುವುದು, ಮನೆಯವರೆಲ್ಲ ಅಳುವುದು, ಇದು ಅವರ ಕಡೆ ಒಂದೇ ಕಾರಣಕ್ಕೆ. ಕುಮಟೆಯಲ್ಲಿ ಬಸ್ಸು ಹತ್ತಿದವಳು ಹೊನ್ನಾವರ ಬರುವವರೆಗೆ ಸೆರಗಿನಲ್ಲಿ ಮುಖ ಮುಚ್ಚಿ ತಮ್ಮನಿಗಾಗಿ ಅತ್ತಳು. ಮಾಬ್ಲ ಬೆನ್ನು ಸವರಿ, "ಅಳಬೇಡ, ಅಲ್ಲಿ ಹೋಗಿ ನೋಡಿದ್ಮೇಲೆ ಸಮಾಧಾನ ಆಗ್ತದೆ," ಎಂದ. ಅವಳು ಇನ್ನಷ್ಟು ಅತ್ತಳು.

ಹೊನ್ನಾವರದಲ್ಲಿ ಇಳಿದು ಗೇರಸೊಪ್ಪೆಯ ಕಡೆಯ ಬಸ್ಸು ಹತ್ತಿದಾಗ ಅವಳು ತಲೆ ಎತ್ತಿದಳು.

"ಈ ಬಸ್ಸು ಜಾಲಿಗೆ ಹೋಗೂದಿಲ್ಲ."

"ಜಾಲಿಗೆ ಎಂತಕೆ ಹೋಗ್ಬೇಕು?"

ಅವಳು ಫೋನು ತೆಗೆದು ತಮ್ಮನಿಗೆ ಹಚ್ಚಿದಳು. ಮೊದಲನೇ ರಿಂಗಿಗೇ ರಾಜೀವನೇ ಎತ್ತಿದ.

"ರಾಜೀವಾ, ನೀನು ಇದ್ದೀಯನಾ?"

"ನಾನು ಇದ್ದೆ ಅಕ್ಕ, ನಿನ್ನ ಕತೆ ಹೇಳು. ಮಾಲತಕ್ಕ ಎಲ್ಲ ಹೇಳಿದ್ಲು. ಭಾವ ನಿನ್ನ ಕಾಡಿಗೆ ಕರ್ಕಂಡು ಹೋತಾ ಉಂಟಂತೆ. ಡೇರೆಲಿ ಇಡ್ತದಂತೆ. ನೀ ಹೆದರ್ಬೇಡ, ಟೆಂಪೋ ತಕಂಡು ಬತ್ತೆ."

ಅಷ್ಟರಲ್ಲಿ ಬಸ್ಸು ಘಟ್ಟದ ಬದಿಗೆ ತಿರುಗಿ ಫೋನು ಸತ್ತಿತು. ಬದುಕಿದ್ದಾನೆ ಎಂಬ ಸಂತೋಷದಲ್ಲಿ ದುರ್ಗಮ್ಮನಿಗೆ ಉಳಿದ ಮಾತು ಕಿವಿಗೆ ಹೋಗಲೇ ಇಲ್ಲ. ಆ ಸಂತೋಷದಲ್ಲೇ ಎಲ್ಲಿಗೆ, ಯಾಕೆ ಎಂದೂ ಕೇಳದೆ ಗಂಡನ ಹಿಂದೆ ಇಳಿದಳು.

ನೇರಳೆಕೆರೆ ಬೋರ್ಡಿನಲ್ಲಿದ್ದ ಹಾಗೇ ಇತ್ತು. ಸುತ್ತ ದೊಡ್ಡ ಮರ, ನಡುವೆ ಅಲುಗದ ನೀರು. ಇಪ್ಪತ್ತೇಳು ವರ್ಷ ನೀರಿನ ಮೇಲೆ ಬದುಕಿದ ಮಾಬ್ಲನಿಗೆ ಸದ್ದು ಮಾಡದ ನೀರು ನೋಡಿ ಸ್ವಲ್ಪ ಅನುಮಾನವೇ ಬಂತು. ಬೀರಪ್ಪ ರಿಜಿಸ್ಟರಿಗೆ ಸಹಿ ಹಾಕಿಸಿ, ಡೇರೆ ತೋರಿಸಿ, ಪಕ್ಷಿಗಳ ಎದುರು ಜೋರಾಗಿ ಮಾತಾಡಬಾರದು ಎಂದು ಹೇಳಿ ಹೋದ. ಆ ದಿನ ಬೇರೆ ಯಾರೂ ಬಂದಿರಲಿಲ್ಲ.

"ಇಲ್ಲಿ ಎಂತ ಮಾಡೂಕೆ ಬಂದದ್ದು?" ದುರ್ಗಮ್ಮ ಕೇಳಿದಳು.

"ಎಂತ ಇಲ್ಲ. ಸುಮ್ನೆ ಕೂತ್ಕ."

"ಕೂತ್ಕಂಡು ಎಂತ ಮಾಡ್ಲಿ?"

"ಕೂತ್ಕಂಡ್ರೆ ಆತು."

ದುರ್ಗಮ್ಮ ಕೂತಳು. ಕೂತು ಎರಡು ನಿಮಿಷವಾಗಿರಲಿಲ್ಲ, ಕೈ ತುರಿಸತೊಡಗಿತು. ಒಲೆ ಹಚ್ಚಲು ಹೋದರೆ ಮಾಬ್ಲ ಬಿಡಲಿಲ್ಲ. ಅವನು ಹೊನ್ನಾವರದಲ್ಲಿ ಕೊಂಡು ತಂದಿದ್ದ ಬಂಗಡೆ ಹೆಚ್ಚಲು ಹೋದರೆ ಕತ್ತಿ ಕಸಿದುಕೊಂಡ. ಕಡೆಗೆ ಅವಳು ಮುರಿದುಬಿದ್ದ ಒಂದು ಕೊಂಬೆ ಹಿಡಿದು ಡೇರೆಯ ಮುಂದಿನ ತರಗೆಲೆ ಗುಡಿಸಿದಳು. ಆಮೇಲೆ ಡೇರೆಯ ಹಿಂದೆ. ಆಮೇಲೆ ಮರದಿಂದ ಮರಕ್ಕೆ ಗುಡಿಸುತ್ತ ಹೋದಳು. ಕುಚ್ಚಲಕ್ಕಿ ಬೇಯುವ ಹೊತ್ತಿಗೆ ಅರ್ಧ ಕಾಡು ಮನೆಯ ಅಂಗಳದ ಹಾಗೆ ಹೊಳೆಯುತ್ತಿತ್ತು. ದೂರದಿಂದ ನೋಡಿದ ಬೀರಪ್ಪ ಇಂಥ ಪಕ್ಷಿ ವೀಕ್ಷಕರು ತಿಂಗಳಿಗೊಮ್ಮೆ ಬಂದರೆ ಸಾಕು ಎಂದುಕೊಂಡ.

ಮಾಬ್ಲ ಮಾತ್ರ ಒಲೆಯ ಎದುರು ದೇವರ ಪೂಜೆಗೆ ಕೂತವನ ಹಾಗೆ ಕೂತಿದ್ದ. ಇಬ್ಬರಿಗೆ ಎಷ್ಟು ಉಪ್ಪು ಎಂದು ಅವನಿಗೆ ತಿಳಿಯದು, ಬೋಟಿನ ಲೆಕ್ಕದಲ್ಲಿ ಮುಷ್ಟಿ ತುಂಬಿದವನು ಗಾಬರಿಯಾಗಿ ಕಲ್ಲು ಕಲ್ಲೇ ಹೆಕ್ಕಿ ವಾಪಸು ಹಾಕಿದ. ಸಾರಿಗೆ ಜುಮ್ಮನಕಾಯಿ ಜಜ್ಜಿ ಹಾಕಿದಾಗ ಎದ್ದ ಪರಿಮಳ ಕೆರೆಯ ಮೇಲೆ ಹರಡಿತು. ಇನ್ನು ಗಂಜಿ ಬಸಿದರೆ ಆಯಿತು. ಅವಳು ಕೂರುತ್ತಾಳೆ, ಹೊಗೆಯಾಡುವ ಅನ್ನ ಹಾಕುತ್ತೇನೆ, ಅವಳು ಮೊದಲನೇ ತುತ್ತು ಬಾಯಿಗಿಡುತ್ತಾಳೆ, ಆಗ ಅವಳ ಮುಖ ಹೇಗಿರುತ್ತದೆ ಎಂದು ನೆನೆದೇ ಮಾಬ್ಲನ ಕಣ್ಣು ತುಂಬಿತು.

ಆಗ ಗೇಟಿನಲ್ಲಿ ಟೆಂಪೋ ನಿಂತ ಸದ್ದಾಯಿತು.

ಮೊದಲು ಇಳಿದವನು ರಾಜೀವ. ಅವನ ಹಿಂದೆ, ಹೊನ್ನಾವರದ ಬಸ್ ಸ್ಟ್ಯಾಂಡಿನ ಬೋರ್ಡಿನಲ್ಲಿ ಜಾಗ ಪತ್ತೆ ಮಾಡಿ ಅಲ್ಲೇ ಟೆಂಪೋ ಹತ್ತಿದ ದಿನಕರ, ಮಾಲತಿ, ಕೇರಿಯ ನ್ಯಾಯ ತೀರ್ಮಾನ ಮಾಡುವ ಯಜಮಾನ ಶುಕ್ರ. ಕೊನೆಗೆ ಸುಚಿತಾ, ಬಟ್ಟಲು ಎರಡೇ ಎಂಬುದಕ್ಕೆ ಅವಳೇ ಸಾಕ್ಷಿ. ಬೀರಪ್ಪ ಗೇಟಿಗೆ ಅಡ್ಡ ನಿಂತ.

"ಒಳಗೆ ಹೋಗೂಕೆ ಚೀಟಿ ಬೇಕು."

"ನಾವು ಪಂಚಾಯ್ತಿಗೆ ಬಂದವರು," ಎಂದರು ಯಜಮಾನರು.

"ಪಂಚಾಯ್ತಿ ಅಂತ ರಿಜಿಸ್ಟರಲ್ಲಿ ಇಲ್ಲ. ವಿಹಾರ, ಅಧ್ಯಯನ, ಪಕ್ಷಿ."

"ಯಾವುದಾದ್ರೂ ಬರ್ಕ ಮಾರಾಯಾ."

ಐದೂ ಜನ ಅಧ್ಯಯನಕ್ಕೆಂದು ಒಳಗೆ ಬಂದರು.

ಯಜಮಾನ ಶುಕ್ರ ಡೇರೆಯ ಪಕ್ಕದಲ್ಲಿದ್ದ ಮಕ್ಕಳ ಜಾರುಬಂಡಿಯ ತುದಿಯಲ್ಲಿ ಕೂತರು. ಅಲ್ಲಿ ಬೇರೆ ಎತ್ತರದ ಜಾಗ ಇರಲಿಲ್ಲ. ಉಳಿದವರು ದುರ್ಗಮ್ಮ ಗುಡಿಸಿದ ನೆಲದಲ್ಲಿ ಸುತ್ತ ಕೂತರು. ಮಾಬ್ಲ ಒಲೆ ಸಣ್ಣದು ಮಾಡಿ, ಸೌಟು ಹಿಡಿದುಕೊಂಡೇ ಎದ್ದು ನಿಂತ. ಅವನಿಗೆ ಇನ್ನೂ ಏನೂ ತಿಳಿದಿರಲಿಲ್ಲ.

"ಮಾಬ್ಲ, ಹೆದರ್ಬೇಡ," ಎಂದರು ಯಜಮಾನರು. "ಪಾಲು ಕೇಳೂದು ತಪ್ಪಲ್ಲ. ಹೇಳ್ದೆ ಕೇಳ್ದೆ ಕಾಡಿಗೆ ಬಂದದ್ದು ತಪ್ಪು. ದಿನಕರ ದೊಡ್ಡ ಮನಸ್ಸು ಮಾಡ್ದ. ಮನೆಯ ತೆಂಕು ಬದಿ, ಕೊಟ್ಟಿಗೆ, ಬಾವಿಲಿ ಅರ್ಧ ನಿನಗೆ. ಗೋಡೆ ನಾಳೆನೇ ಎತ್ತಿಸ್ವಾ."

"ಯಾವ ಗೋಡೆ?" ಎಂದ ಮಾಬ್ಲ.

"ಗೋಡೆನೂ ಬೇಡ್ವಾ ನಿನಗೆ?" ದಿನಕರನ ದನಿ ಒಡೆಯಿತು. "ಈ ಬಟ್ಟೆ ಗೂಡೇ ಸಾಕಾ? ನಾ ಎಂತ ತಪ್ಪು ಮಾಡ್ದೆ ತಮಾ, ಹೇಳು. ಮೀನಿನ ನಡುತುಂಡಾ? ಅದನ್ನೂ ಕೊಟ್ಟೆ ಅಲ್ದಾ?"

"ಭಾವ, ನನ್ನ ಅಕ್ಕನ್ನ ಇಲ್ಲಿ ಹುಲಿ ಬಾಯಿಗೆ ಇಡೂಕೆ ನಾ ಬಿಡೂದಿಲ್ಲ," ಎಂದು ರಾಜೀವ ಎದ್ದ.

"ಹುಲಿ ಇಲ್ಲ, ಬರೀ ಮುಳ್ಳುಹಂದಿ," ಎಂದು ಬೀರಪ್ಪ ತಿದ್ದಿದ. ಅವನೂ ಬಂದು ಒಂದು ಬದಿಗೆ ಕೂತಿದ್ದ.

ಈಗ ಮಾಬ್ಲನ ತಲೆಗೆ ಹೋಯಿತು. ಬುಧವಾರದ ಇಸವಾಣ, ಬಾವಿಕಟ್ಟೆ, ಅತ್ತಿಗೆಯ ಅಳು ಎಲ್ಲ ಒಂದರ ಹಿಂದೊಂದು ನೆನಪಾಗಿ ಮೈ ಬೆವರಿತು. "ಪಾಲೂ ಇಲ್ಲ, ಎಂತದೂ ಇಲ್ಲ ಅಣ್ಣ. ನಾಳೆ ಮಧ್ಯಾಹ್ನ ಮನೆಗೆ ಬತ್ತೆ," ಎಂದ.

"ಹಂಗಾರೆ ಒಲೆ ಎಂತಕೆ?"

ಮಾಬ್ಲ ಸೌಟನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಎಲ್ಲರೂ ಸೌಟನ್ನು ನೋಡುತ್ತಿದ್ದರು.

"ಬೋಟಿಗೆ ಅಂದೆ ನನ್ನ ಹತ್ರ," ಎಂದಳು ಸುಚಿತಾ. "ಪಾಳಿ ಮೇಲೆ ಉಣ್ತಾರೆ ಅಂದೆ."

"ಇವರು ಪಾಲಾಗೂಕೆ ಬಂದವರಲ್ಲ," ಬೀರಪ್ಪ ರಿಜಿಸ್ಟರು ತೆರೆದು ಬೆರಳಿಟ್ಟ. ಸರಕಾರಿ ಪುಸ್ತಕದ ಹಾಗೆ ಕಾಣುವ ಯಾವ ಪುಸ್ತಕಕ್ಕಾದರೂ ಕೇರಿಯವರು ಮರ್ಯಾದೆ ಕೊಡುತ್ತಾರೆ, ಎಲ್ಲರೂ ಸುಮ್ಮನಾದರು. "ಇಲ್ಲಿ ಉಂಟು ನೋಡಿ. ಪಕ್ಷಿ ವೀಕ್ಷಣೆಗೆ ಬಂದವರು."

ಯಜಮಾನರು ಕನ್ನಡಕ ಏರಿಸಿ ಓದಿದರು. ಮಾಬ್ಲನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಯಾವ ಪಕ್ಷಿ?"

ಸುಳ್ಳು ಹೇಳಲು ಮಾಬ್ಲನಿಗೆ ಯಾವ ಹಕ್ಕಿಯ ಹೆಸರೂ ಬಾಯಿಗೆ ಬರಲಿಲ್ಲ.

"ಕಡೇ ಸಲ ಕೇಳ್ತೆ ಮಾಬ್ಲ," ಯಜಮಾನರ ದನಿ ಗಡಸಾಯಿತು. "ಬೇರೆ ಒಲೆ ಹೊತ್ತಿಸ್ದವ ಕಾರಣ ಹೇಳ್ಬೇಕು. ಹೇಳದಿದ್ರೆ ಪಾಲು ಆದ ಹಾಂಗೇ. ಕೇರಿ ನಿಯಮ ನಿನಗೆ ಗೊತ್ತುಂಟು. ನಾಳೆಯಿಂದ ನಿನ್ನ ಅನ್ನ ನಿನಗೆ, ಅವನ ಅನ್ನ ಅವನಿಗೆ."

ದಿನಕರ ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡ. ಮಾಬ್ಲ ಅಣ್ಣನನ್ನು ನೋಡಿದ. ಮರದ ಬುಡದಲ್ಲಿ ಕೊಂಬೆ ಹಿಡಿದು ನಿಂತ ದುರ್ಗಮ್ಮನನ್ನು ನೋಡಿದ. ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಮನೆ ಹೋಗುತ್ತದೆ.

"ಅವಳು ಉಂಬೂದನ್ನ ನೋಡೂಕೆ," ಎಂದ.

"ಯಾರು?"

"ಅವಳು. ದುರ್ಗಿ. ಬಿಸಿ ಅನ್ನ ಉಂಬೂದನ್ನ ನಾನು ಒಂದಿನಾನೂ ನೋಡ್ಲಿಲ್ಲ ಯಜಮಾನ್ರೇ. ಮೂವತ್ತೊಂದು ವರ್ಷ ಆತು. ಬೋಟಲ್ಲಿ ಯಾರ್ಯಾರಿಗೋ ಬಡಿಸ್ತೆ. ಇವಳಿಗೆ ಒಂದು ಸಲ ಬಡಿಸ್ವಾ ಅಂತ ಆಸೆ ಆತು. ಮನೆಲಿ ನಾಚಿಕೆ. ಅದಕ್ಕೇ ಒಲೆ. ಮತ್ತೆಂತ ಇಲ್ಲ."

ಇವನು ಪಾಲು ಕೇಳಿದ್ದರೆ ಅದಕ್ಕೊಂದು ದಾರಿ ಇತ್ತು, ಜಗಳವಾಡಿದ್ದರೆ ಬಿಡಿಸಬಹುದಿತ್ತು. ಇಷ್ಟು ಜನರ ಎದುರು ಐವತ್ತನಾಲ್ಕು ವರ್ಷದ ಗಂಡಸು ಹೆಂಡತಿಯ ಮೇಲೆ ಆಸೆ ಎಂದು ಹೇಳಿದರೆ ಏನು ಮಾಡಬೇಕೆಂಬುದಕ್ಕೆ ಕೇರಿಯಲ್ಲಿ ನಿಯಮವೇ ಇರಲಿಲ್ಲ. ಸುಚಿತಾ ನೆಲ ಕೆರೆದಳು. ರಾಜೀವ ಕೆರೆಯಲ್ಲಿ ಮೀನು ಇದೆಯೇ ಎಂದು ನೋಡಲು ಹೋದ. ಯಜಮಾನರು ಕನ್ನಡಕ ಒರೆಸಿ ಒರೆಸಿ ತೆಳ್ಳಗೆ ಮಾಡಿದರು. ದುರ್ಗಮ್ಮ ಬೆನ್ನು ತಿರುಗಿಸಿ ಗುಡಿಸಿದ ನೆಲವನ್ನೇ ಮತ್ತೆ ಗುಡಿಸತೊಡಗಿದಳು. ಅವಳ ಹೆಗಲು ಅಲುಗುತ್ತಿತ್ತು.

ಮೊದಲು ಎದ್ದವಳು ಮಾಲತಿ.

"ಏಳಿ ಎಲ್ಲ," ಎಂದಳು. "ಅನ್ನ ಆರ್ತದೆ."

"ಬಂದವರಿಗೆ ಒಂದೊಂದು ತುತ್ತಾದ್ರೂ," ಎಂದು ದುರ್ಗಮ್ಮ ಗುಡಿಸುವುದನ್ನು ನಿಲ್ಲಿಸಿ ಹೇಳಿದಳು. ಅತಿಥಿಗಳನ್ನು ಉಣಿಸದೆ ಕಳಿಸಿ ಅವಳಿಗೆ ಗೊತ್ತಿಲ್ಲ.

"ಬಾಯ್ಮುಚ್ಚ್ಕಂಡು ಕೂತ್ಕ ಹೆಣ್ಣೆ. ಇವತ್ತು ನೀ ಯಾರಿಗೂ ಬಡಿಸೂದು ಬೇಡ." ಮಾಲತಿ ಅವಳ ಕೈಯಿಂದ ಕೊಂಬೆ ಕಸಿದು ಎಸೆದು, ಎಲ್ಲರನ್ನೂ ಕೋಳಿ ಅಟ್ಟುವ ಹಾಗೆ ಗೇಟಿನ ಕಡೆ ಅಟ್ಟಿದಳು. ಬೀರಪ್ಪನನ್ನೂ ಬಿಡಲಿಲ್ಲ. ಮಾಬ್ಲನ ಪಕ್ಕ ಹಾದುಹೋಗುವಾಗ ದಿನಕರ ಅವನ ಹೆಗಲು ಮುಟ್ಟಿ ಮುಂದೆ ಹೋದ.

ಟೆಂಪೋದ ಹತ್ತಿರ ಮಾಲತಿ ನಿಂತು ಗಂಡನನ್ನು ಕೇಳಿದ್ದು ಕೆರೆಯವರೆಗೂ ಕೇಳಿತು.

"ನಂಗೆ ಯಾವ ಮೀನು ಅಂದ್ರೆ ಆಸೆ, ಹೇಳಿ ಕಾಂಬಾ?"

ದಿನಕರ ಬಹಳ ಯೋಚಿಸಿದ. "ಬಂಗಡೆ?"

ಮಾಲತಿ ಟೆಂಪೋದ ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು. ದಿನಕರ ಹಿಂದೆ ಐಸಿನ ಪೆಟ್ಟಿಗೆಯ ಮೇಲೆ ಕೂತು ಹೊಳನಗದ್ದೆಯವರೆಗೆ ಹೋದ.

ಕೆರೆಯ ದಂಡೆಯಲ್ಲಿ ಈಗ ಇಬ್ಬರೇ. ಸಂಜೆಯ ಬಿಸಿಲು ನೀರಿನ ಆ ಕಡೆಗೆ ಸರಿದಿತ್ತು. ಮಾಬ್ಲ ಗಂಜಿ ಬಸಿದು, ಚಾದರ ಹಾಸಿ, ಬಟ್ಟಲು ಇಟ್ಟು, ಅನ್ನ ಹಾಕಿ, ಬಂಗಡೆಯ ಎರಡು ದಪ್ಪ ತುಂಡು ಇಟ್ಟು ಸಾರು ಬಿಟ್ಟ. ಹೊಗೆ ಎದ್ದಿತು. ದುರ್ಗಮ್ಮ ಬಂದು ಕೂತಳು. ಕೂತು, ಬಟ್ಟಲನ್ನು ಮೆಲ್ಲಗೆ ಅವನ ಕಡೆ ದೂಡಿದಳು.

"ನೀವು ಉಣ್ಣಿ ಮೊದಲು."

"ಇದು ನಿನಗೆ." ಮಾಬ್ಲ ಹಿಂದಕ್ಕೆ ದೂಡಿದ.

"ನೀವು ಉಣ್ದೆ ನಾ ಹ್ಯಾಂಗೆ ಉಣ್ಲಿ?"

"ಇಷ್ಟೆಲ್ಲ ಆದ್ಮೇಲೂ ಹೀಂಗೆ ಹೇಳ್ತ್ಯಲ್ಲೇ."

ಬಟ್ಟಲು ಚಾದರದ ಮೇಲೆ ನಾಲ್ಕು ಸಲ ಹೋಗಿ ನಾಲ್ಕು ಸಲ ಬಂತು. ಐದನೆಯ ಸಲ ಮಾಬ್ಲ ಅದನ್ನು ಗಟ್ಟಿಯಾಗಿ ಅವಳ ಎದುರು ಹಿಡಿದಿಟ್ಟ. ಅವಳು ತುತ್ತು ಕಲಸಿದಳು. ಬ್ಯಾಂಡೇಜು ಬಿಚ್ಚುವ ಡಾಕ್ಟರನ್ನು ನೋಡುವ ಹಾಗೆ ಮಾಬ್ಲ ಉಸಿರು ಹಿಡಿದು ನೋಡುತ್ತಿದ್ದ. ತುತ್ತು ಬಾಯಿಯವರೆಗೆ ಹೋಯಿತು, ವಾಪಸು ಬಟ್ಟಲಿಗೆ ಇಳಿಯಿತು.

"ನೀವು ಹೀಂಗೆ ನೋಡ್ತಿದ್ರೆ ಗಂಟ್ಲಲ್ಲಿ ಇಳಿಯೂದಿಲ್ಲ. ನಂಗೆ ರೂಢಿ ಇಲ್ಲ." ಅವಳ ಕಣ್ಣು ತುಂಬಿತ್ತು. "ಆ ಬದಿ ತಿರುಗಿ ಕೂತ್ಕಣಿ."

"ನೋಡೂಕೇ ಬಂದದ್ದಲ್ವೇ ದುರ್ಗಿ."

"ಗೊತ್ತುಂಟು. ಆದ್ರೂ ತಿರುಗಿ."

ಒಲೆ ತಂದು, ಸುಳ್ಳು ಹೇಳಿ, ಮನೆ ಒಡೆಯುವವರೆಗೆ ಹೋಗಿ, ಇಷ್ಟು ಜನರ ಎದುರು ಮಾನ ಕಳಕೊಂಡು ಬಂದವನು ಒಂದು ನಿಟ್ಟುಸಿರು ಬಿಟ್ಟು ಕೆರೆಯ ಕಡೆ ತಿರುಗಿ ಕೂತ. ಅಲ್ಲಿ ನೀರಿತ್ತು, ಮರವಿತ್ತು, ನಿಜವಾಗಿಯೂ ಎರಡು ಬಿಳಿಯ ಹಕ್ಕಿ ಇದ್ದವು. ಮಾಬ್ಲನಿಗೆ ಅವು ಯಾವುದೂ ಬೇಡವಾಗಿತ್ತು. ತಿರುಗಿ ನೋಡಬೇಕೆಂದು ಕುತ್ತಿಗೆ ನೋಯುವಷ್ಟು ಆಸೆಯಾಯಿತು. ನೋಡಲಿಲ್ಲ.

ಮೊದಲು ಬೆನ್ನ ಹಿಂದೆ ಏನೂ ಕೇಳಲಿಲ್ಲ. ಆಮೇಲೆ ಬಳೆಯ ಸದ್ದು, ಬಿಸಿ ತಾಗಿ ಉಫ್ ಎಂದ ಸದ್ದು. ಮೀನಿನ ಮುಳ್ಳು ಬಟ್ಟಲಿನ ಅಂಚಿಗೆ ಇಟ್ಟ ಸದ್ದು. ಅವಳು ಮೂಗು ಎಳೆದಳು, ಖಾರಕ್ಕೋ ಅಳುವಿಗೋ ಅವನಿಗೆ ತಿಳಿಯಲಿಲ್ಲ. ಮಾಬ್ಲ ಕೈಯಲ್ಲಿ ಸೌಟು ಹಿಡಿದು ಕೆರೆ ನೋಡುತ್ತ ಒಂದೊಂದು ತುತ್ತನ್ನೂ ಕೇಳಿದ.

ಬಹಳ ಹೊತ್ತಾದ ಮೇಲೆ ದುರ್ಗಮ್ಮ ಸಣ್ಣ ದನಿಯಲ್ಲಿ ಕೇಳಿದಳು.

"ಇನ್ನೊಂಚೂರು ಅನ್ನ ಉಂಟಾ?"

ಮೂವತ್ತೊಂದು ವರ್ಷದಲ್ಲಿ ಆ ಮಾತನ್ನು ಅವಳ ಬಾಯಲ್ಲಿ ಅವನು ಕೇಳಿರಲಿಲ್ಲ. ಮಾಬ್ಲ ಹಿಂದೆ ತಿರುಗದೆ, ಕೈ ಹಿಂದಕ್ಕೆ ಚಾಚಿ, ಅನ್ನದ ಪಾತ್ರೆಯನ್ನೇ ಇಡಿಯಾಗಿ ಅವಳ ಕಡೆ ಸರಿಸಿದ.